ಗಂಗುಲಮ್ಮನ ಕರಪತ್ರದಲ್ಲಿ ಇಲ್ಲದ ಸಾಲು

ಗಂಗುಲಮ್ಮ ಅಚ್ಚು ಹಾಕಿಸಿದ ಕರಪತ್ರದಲ್ಲಿ ಇಲ್ಲದ ಒಂದು ಸಾಲನ್ನು ನಾನು ಓದಿದೆ. ಜಗಲಿ ತುಂಬ ಜನ ಕೂತಿದ್ದಾಗ ಓದಿದೆ. ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದಿದೆ. ಗಂಗುಲಮ್ಮನೇ ಇನ್ನೊಂದು ಸಲ ಓದಿ ಎಂದು ಕೇಳಿಕೊಂಡಾಗ ಮತ್ತೆ ಅದನ್ನೇ ಓದಿದೆ. ಆ ಸಾಲು ಗಂಗುಲಮ್ಮ ಹೇಳಿದ್ದಲ್ಲ. ಅಚ್ಚಿನ ಮೊಳೆ ಜೋಡಿಸಿದ ಅವರ ತಮ್ಮ ವೆಂಕಟರವಣಪ್ಪ ಸೇರಿಸಿದ್ದೂ ಅಲ್ಲ. ಅದು ನನ್ನದು. ನನ್ನ ಬಾಯಲ್ಲೇ ಹುಟ್ಟಿದ್ದು.

ನನ್ನ ಹೆಸರು ಅಕ್ಕಯ್ಯಮ್ಮ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಪಕ್ಕದ ನಮ್ಮೂರಿನವರಿಗೆ ಫಿಲೇಚರ್ ಮನೆ ಅಜ್ಜಿ ಅಂದರೆ ಗೊತ್ತಾಗುತ್ತದೆ. ನಾಲ್ಕನೇ ಕ್ಲಾಸು ಓದಿದವಳು. ತಪ್ಪು ಕಾಗುಣಿತ ಮೊಮ್ಮಗಳು ತಿದ್ದಿದ್ದಾಳೆ, ಮಾತು ಮುಟ್ಟಬೇಡ ಎಂದಿದ್ದೇನೆ. ಈ ಕಾಗದ ಕೈಗೆ ಬಂದವರು ಇದರಲ್ಲಿ ಕಡಲೆಕಾಯಿ ಕಟ್ಟಿಕೊಂಡರೂ ಸರಿ, ಓದಿ ನನಗೆ ಉಗಿದರೂ ಸರಿ. ಓದಿ ಉಗಿದರೆ ಒಳ್ಳೆಯದು.

ಗಂಗುಲಮ್ಮನನ್ನು ಇಲ್ಲಿ ಅವರು, ಇವರು ಎಂದೇ ಬರೆದಿದ್ದೇನೆ. ಕೈ ಮಾತ್ರ ಅವಳು ಎಂದು ಬರೆಯಲು ಓಡುತ್ತದೆ — ಇಷ್ಟು ವರ್ಷದ ಚಟ. ಹಾಗೆ ಬರೆದಲ್ಲೆಲ್ಲ ಹೊಡೆದು ತಿದ್ದಿದ್ದೇನೆ. ಎಷ್ಟು ಹೊಡೆದಿದ್ದೇನೆ ಅಂದರೆ ನೀವು ನನ್ನ ಹಾಳೆ ನೋಡಬೇಕಿತ್ತು.

ಇದನ್ನು ದುಃಖದಲ್ಲಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾಚಿಕೆ ಇದೆ, ಅದು ಬೇರೆ. ಆದರೆ ಇದು ಬಾಯಿಗೆ ಬಂದದ್ದು ಸಂತೋಷದಿಂದ. ನನ್ನ ಮೊಮ್ಮಗಳು ಸುಚಿತ್ರ ಪುಸ್ತಕ ಬರೆದಿದ್ದಾಳೆ! ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಾಳೆ ನಮ್ಮ ಹುಡುಗಿ. ನಮ್ಮ ವಂಶದಲ್ಲಿ ಇಷ್ಟು ದಿನ ಹೆಸರು ಅಚ್ಚಾಗಿದ್ದು ಲಗ್ನಪತ್ರಿಕೆಯಲ್ಲಿ, ಆಮೇಲೆ ತಿಥಿ ಕಾರ್ಡಿನಲ್ಲಿ. ಪುಸ್ತಕದ ಮೇಲೆ ಅಚ್ಚಾಗುತ್ತಿರುವುದು ಇದೇ ಮೊದಲು. ಡೈರಿಗೆ ಹಾಲು ಹಾಕಲು ಹೋದಾಗ ಹೇಳಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೆ ಹೇಳಿದೆ, ಆಕೆ ಇಳಿಯುವ ಊರು ದಾಟಿ ಹೋಯಿತು, ನನ್ನನ್ನು ಬೈದುಕೊಂಡೇ ಇಳಿದಳು. ಬೈಯಲಿ. ಅಂಥ ಸಂತೋಷ ನನ್ನದು — ತಡೆದು ಇಟ್ಟುಕೊಳ್ಳಲು ಆಗುವುದಿಲ್ಲ. ಆ ಸಂತೋಷ ತುಂಬಿ ಹರಿಯುವಾಗ ತಳದಲ್ಲಿ ಕೂತಿದ್ದ ಇದೂ ಮೇಲೆ ಬಂತು.

ಪುಸ್ತಕ ಯಾವುದರ ಮೇಲೆ ಅಂದರೆ, ಕರಪತ್ರ ಹಂಚಿದವರ ಮೇಲೆ. ನಮ್ಮ ದೇಶದವರಲ್ಲ, ಇಂಗ್ಲೆಂಡಿನವರು. ಮುನ್ನೂರು ವರ್ಷಕ್ಕೂ ಹಿಂದೆ ಅಲ್ಲೊಂದು ಪಂಗಡ ಹುಟ್ಟಿತಂತೆ. ಅವರು ತಮ್ಮನ್ನು ಸತ್ಯದ ಗೆಳೆಯರು ಎಂದು ಕರೆದುಕೊಂಡರು. ಆಗದವರು ಕ್ವೇಕರರು, ಅಂದರೆ ನಡುಗುವವರು ಎಂದು ಅಣಕಿಸಿ ಹೆಸರಿಟ್ಟರು. ಬರೆದದ್ದನ್ನು ಸಂಜೆ ಹೊತ್ತು ಸುಚಿತ್ರ ನನಗೆ ಓದಿ ಹೇಳುತ್ತಿದ್ದಳು.

“ಯಾಕಮ್ಮ ನಡುಗ್ತಿದ್ರು, ಚಳಿಗಾ?” ಎಂದೆ.

“ದೇವರ ಭಯಕ್ಕಜ್ಜಿ. ಇನ್ಯಾರ ಭಯಾನೂ ಇರಲಿಲ್ಲ ಅವರಿಗೆ.”

ನೇಯುವವರು, ಉಳುವವರು, ಮನೆಗೆಲಸದ ಹೆಂಗಸರು — ಇಂಥವರೆಲ್ಲ ಬರೆದರಂತೆ. ಕದ್ದು ಅಚ್ಚು ಹಾಕಿಸಿದರಂತೆ. ಸಂತೆಯಲ್ಲಿ, ಗುಡಿಯ ಬಾಗಿಲಲ್ಲಿ ಹಂಚಿದರಂತೆ. ಸರ್ಕಾರ ಹಿಡಿದು ಜೈಲಿಗೆ ಹಾಕಿತು. ಜೈಲಿನಲ್ಲೂ ಕೂತು ಬರೆದರು. ಹೆಂಗಸರು ಸಭೆಯಲ್ಲಿ ಮಾತಾಡಬಹುದು ಎಂದು ಒಬ್ಬಾಕೆ ಜೈಲಿನಿಂದಲೇ ಬರೆದು ಅಚ್ಚು ಹಾಕಿಸಿದಳು. ನ್ಯಾಯಾಧೀಶರ ಮುಂದೆ ತಲೆಯ ಟೋಪಿ ತೆಗೆಯಲಿಲ್ಲ. ನಮ್ಮ ಕಡೆ ಯಜಮಾನರನ್ನು ಕಂಡರೆ ಹೆಗಲ ಟವಲು ಇಳಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರಲ್ಲ, ಹಾಗೆ ಅಲ್ಲಿ ಟೋಪಿ ತೆಗೆಯಬೇಕಿತ್ತು. ತೆಗೆಯಲಿಲ್ಲ ಅಂದರೆ ತೆಗೆಯಲಿಲ್ಲ. ನಾನು ಕೇಳಿ ಕೇಳಿ ಚಪ್ಪಾಳೆ ತಟ್ಟುತ್ತಿದ್ದೆ. ಭೇಷ್ ಹೆಂಗಸೇ ಎನ್ನುತ್ತಿದ್ದೆ. ಕಂಡವರ ಮನೆಯ ಧೈರ್ಯಕ್ಕೆ ಚಪ್ಪಾಳೆ ತಟ್ಟುವುದು ಸುಲಭ.

ಒಂದು ಸಂಜೆ ಸುಚಿತ್ರ ಓದುತ್ತಾ ನಕ್ಕಳು. “ಅಜ್ಜಿ, ಅವರ ಭಾಷೇಲೂ ಆಗ ನೀನು, ನೀವು ಅಂತ ಎರಡಿತ್ತು. ದೊಡ್ಡೋರಿಗೆ ನೀವು, ಕೂಲಿಯೋರಿಗೆ ನೀನು. ಇವರು ಜಡ್ಜಿಗೂ ನೀನು, ರಾಜಂಗೂ ನೀನು ಅಂದ್ಬಿಟ್ರು. ದೇವರನ್ನೇ ನೀನು ಅಂತೀವಿ, ನಿಂದೇನಪ್ಪ ಹೆಚ್ಚು ಅಂತ. ಏಟು ತಿಂದ್ರು, ಬಿಡಲಿಲ್ಲ.”

ನಾನು ನಗಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿ ಮೊರದಲ್ಲಿ ಹಾಗೇ ಉಳಿಯಿತು. ಯಾಕೆಂದರೆ ಅಂದು ಜಗಲಿಯಲ್ಲಿ ನಾನು ಕಟ್ಟಿ ಓದಿದ ಸುಳ್ಳು ಸಾಲು ಅದೇ. ಆ ದೇಶದವರು ನಿಜವಾಗಿ ಹೇಳಿ ಜೈಲಿಗೆ ಹೋದ ಮಾತನ್ನು ನಾನು ಇಲ್ಲಿ ಗಂಗುಲಮ್ಮನ ಬಾಯಿಗೆ ತುರುಕಿದ್ದೆ — ಅವರು ಹೇಳದೇ ಇದ್ದಾಗ.

ನಮ್ಮ ಮಾವನವರದು ದೊಡ್ಡ ಹಿಪ್ಪುನೇರಳೆ ತೋಟ, ಮನೆಯ ಪಕ್ಕಕ್ಕೇ ರೇಷ್ಮೆ ಬಿಚ್ಚುವ ಷೆಡ್ಡು, ಫಿಲೇಚರ್ ಅನ್ನುವುದು ಅದಕ್ಕೇ. ಗಂಗುಲಮ್ಮ ಅಲ್ಲಿ ಬಿಚ್ಚಾಣಿಕೆ ಕೆಲಸಕ್ಕೆ ಬರುತ್ತಿದ್ದರು. ಕುದಿನೀರಿನಲ್ಲಿ ಗೂಡು ಮುಳುಗಿಸಿ, ಬೆರಳಿನಿಂದ ಎಳೆ ಹುಡುಕಿ ಚರಕಕ್ಕೆ ಕೊಡುವ ಕೆಲಸ. ಅವರೂ ನಾನೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ನಾನು ಒಳಗೆ, ಅವರು ಷೆಡ್ಡಿನಲ್ಲಿ. ವಯಸ್ಸು ಒಂದೇ, ಬಸುರಿ ಆದದ್ದೂ ಹೆಚ್ಚುಕಡಿಮೆ ಒಟ್ಟಿಗೇ.

ನಮ್ಮ ಕಡೆ ಮಾತಿನ ರೀತಿ ನಿಮಗೆ ಗೊತ್ತು. ಮೊಲೆ ಕುಡಿಯುವ ಕೂಸಿಗೂ ಬಾರಪ್ಪ ಅನ್ನುತ್ತೇವೆ, ಹೆಣ್ಣಾದರೆ ಬಾರಮ್ಮ ಅನ್ನುತ್ತೇವೆ. ತೊಟ್ಟಿಲಲ್ಲಿದ್ದ ನನ್ನ ಮಗನಿಗೆ ಅತ್ತೆ, “ಏನಪ್ಪ ಸ್ವಾಮಿ, ಹಸಿವಾಯ್ತೇನಪ್ಪ” ಎನ್ನುತ್ತಿದ್ದರು. ಅದೇ ಉಸಿರಿನಲ್ಲಿ ಷೆಡ್ಡಿನ ಕಡೆ ತಿರುಗಿ ತಲೆ ಬೆಳ್ಳಗಾದ ಮುದುಕಿಗೆ, “ಏಯ್, ಬಾರೆ ಇಲ್ಲಿ” ಎನ್ನುತ್ತಿದ್ದರು. ಗಂಗುಲಮ್ಮನ ಹೆಸರಿನಲ್ಲೇ ಅಮ್ಮ ಇತ್ತು. ನಾವು ಅದನ್ನು ಕಿತ್ತು ಗಂಗುಲಿ ಎನ್ನುತ್ತಿದ್ದೆವು. ಅಮ್ಮ ಅನ್ನುವುದು ಎರಡೇ ಅಕ್ಷರ. ಹೇಳಲು ಯಾವ ಖರ್ಚೂ ಇಲ್ಲ. ಅದನ್ನೂ ಉಳಿಸಿಕೊಂಡೆವು ನಾವು, ಅಂಥ ಜಿಪುಣರು.

ನಾನೂ ಹಾಗೇ ಕರೆಯುತ್ತಿದ್ದೆ. ಮೊದಲ ದಿನ ನಾಲಿಗೆ ತೊಡರಿತ್ತು — ನನ್ನ ವಾರಗೆಯವರನ್ನು ಏಯ್ ಅನ್ನುವುದು ಹೇಗೆ ಎಂದು. ಅತ್ತೆ ಮುಖ ನೋಡಿದರು. ಆಮೇಲೆ ತೊಡರಲಿಲ್ಲ.

ಒಂದು ಬೆಳಿಗ್ಗೆ ಷೆಡ್ಡಿನ ಬಾಗಿಲಿಗೆ ಹಳದಿ ಕಾಗದದ ಆ ಕರಪತ್ರ ಅಂಟಿಸಿತ್ತು. ಗಂಗುಲಮ್ಮನ ತಮ್ಮ ವೆಂಕಟರವಣಪ್ಪ ಚಿಂತಾಮಣಿಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕಿದ್ದರು. ಗಂಗುಲಮ್ಮನಿಗೆ ಓದು ಬಾರದು. ಹೇಳಿದ್ದನ್ನು ತಮ್ಮ ಅಚ್ಚು ಮಾಡಿಕೊಟ್ಟಿದ್ದರು. ನಾಟಕಕ್ಕೆ, ಎಲೆಕ್ಷನ್ನಿಗೆ ಕರಪತ್ರ ಬರುತ್ತಿದ್ದ ಕಾಲ ಅದು. ಬಿಚ್ಚಾಣಿಕೆ ಹೆಂಗಸೊಬ್ಬರು ಕರಪತ್ರ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ.

ಮಾವನವರಿಗೆ ಕಣ್ಣಿಗೆ ಪೊರೆ ಬಂದಿತ್ತು. ಏನೇ ಕಾಗದ ಬಂದರೂ ನನ್ನನ್ನು ಕರೆಯುತ್ತಿದ್ದರು. ನಾನು ಹೊಸಿಲ ಒಳಗೆ ನಿಂತು ಓದಬೇಕು, ಜಗಲಿಗೆ ಬರುವ ಹಾಗಿಲ್ಲ. ನನ್ನ ದನಿ ಮಾತ್ರ ಹೊರಗೆ ಹೋಗುತ್ತಿತ್ತು. ನಮ್ಮ ಸೊಸೆ ಓದ್ತಾಳೆ ಎಂದು ಅವರು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ನನಗೆ ಹಾಲು ಕುಡಿದ ಹಾಗಿತ್ತು. ಅತ್ತೆಗೆ ಆಗುತ್ತಿರಲಿಲ್ಲ. ಆ ಮನೆಯಲ್ಲಿ ನನಗಿದ್ದ ಬೆಲೆ ಅಂದರೆ ಅದೊಂದೇ — ಓದು.

ಅಂದು ನನ್ನ ಗಂಡ, ಭಾವ ಇಬ್ಬರೂ ಗೂಡಿನ ಮಾರುಕಟ್ಟೆಗೆ ಹೋಗಿದ್ದರು. ಜಗಲಿಯಲ್ಲಿ ಅಕ್ಕಪಕ್ಕದ ಷೆಡ್ಡಿನ ಯಜಮಾನರು ಕೂತಿದ್ದರು. ಬಾಗಿಲಿನಿಂದ ಕಿತ್ತು ತಂದ ಕಾಗದ ನನ್ನ ಕೈಗೆ ಕೊಡಿಸಿ, “ಏನ್ ಬರ್ದವ್ಳೋ ನೋಡಣ, ಓದಮ್ಮ” ಎಂದರು ಮಾವ.

ಅದರಲ್ಲಿ ಇದ್ದದ್ದು ಇದು. ಇಂದಿಗೂ ನನಗೆ ಬಾಯಿಪಾಠ, ಆದ್ದರಿಂದ ಇದ್ದ ಹಾಗೇ ಬರೆಯುತ್ತೇನೆ:

“ಯಜಮಾನರಲ್ಲಿ ಬಿಚ್ಚಾಣಿಕೆ ಹೆಂಗಸರ ಅರಿಕೆ. ನಾವು ನಿಮ್ಮ ಕುದಿನೀರಿನಲ್ಲಿ ಕೈ ಇಡುವವರು. ನಿಮ್ಮ ಮನೆಯ ಕೂಸನ್ನು ಬಾರಪ್ಪ, ಬಾರಮ್ಮ ಎನ್ನುತ್ತೀರಿ. ನಮ್ಮ ಮುದುಕಿಯರನ್ನು ಬಾರೆ, ಹೋಗೆ ಎನ್ನುತ್ತೀರಿ. ನಮಗೂ ಹೆಸರಿದೆ. ಹೆಸರಿಗೆ ಅಮ್ಮ ಸೇರಿಸಿ ಕರೆಯಿರಿ. ಚಿಕ್ಕ ಸೊಸೆಯವರು ನಮ್ಮ ವಾರಗೆಯವರು, ಓದು ಬಲ್ಲವರು. ಅವರ ಬಾಯಲ್ಲೂ ಏಯ್ ಎಂದೇ ಬರುತ್ತದೆ. ನಮಗೆ ಅದು ಎಲ್ಲಕ್ಕಿಂತ ಹೆಚ್ಚು ನೋಯುತ್ತದೆ. ಇನ್ನು ಮೇಲೆ ಹಾಗೆ ಕರೆದರೆ ನಾವು ಓಗೊಡುವುದಿಲ್ಲ.”

ಇಷ್ಟೇ. ಕರೆದರೆ ಓಗೊಡುವುದಿಲ್ಲ — ಅದಕ್ಕಿಂತ ದೊಡ್ಡ ಬೆದರಿಕೆ ಅದರಲ್ಲಿ ಇರಲಿಲ್ಲ.

ಹೆಸರಿಗೆ ಅಮ್ಮ ಸೇರಿಸಿ ಎನ್ನುವವರೆಗೆ ಸರಿಯಾಗಿ ಓದಿದೆ. ಬಾಯಿ ಒಂದು ಸಾಲು ಓದುವಾಗ ಕಣ್ಣು ಮುಂದಿನ ಸಾಲಿಗೆ ಹೋಗಿರುತ್ತದೆ. ಕಣ್ಣಿಗೆ ಚಿಕ್ಕ ಸೊಸೆ ಎಂದು ಕಂಡಿತು. ನಾನು. ಅಚ್ಚಿನಲ್ಲಿ. ಅತ್ತೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು, ಜಗಲಿಯವರ ಕಿವಿ ನನ್ನ ಬಾಯಿಯ ಮೇಲಿತ್ತು. ಓದು ಬಲ್ಲವರು — ಅದನ್ನೇ ಹಿಡಿದು ಬಡಿದಿದ್ದರು ಗಂಗುಲಮ್ಮ. ನಾನು ಆ ಸಾಲು ಹಾರಿಸಿದೆ. ಹಾರಿಸಿದ ಜಾಗದಲ್ಲಿ ಏನಾದರೂ ಹೇಳಬೇಕಿತ್ತು. ಬಾಯಿ ತಾನಾಗಿ —

ಇಲ್ಲ. ಬಾಯಿ ತಾನಾಗಿ ಏನೂ ಹೇಳುವುದಿಲ್ಲ. ನಾನು ಹೇಳಿದೆ: “ಇನ್ನು ಮೇಲೆ ಹಾಗೆ ಕರೆದರೆ ನಾವೂ ಯಜಮಾನರನ್ನು ಬಾರೋ, ಹೋಗೋ ಎನ್ನುತ್ತೇವೆ.”

ಮಾವ ಬಾಗಿಲ ಕಡೆ ತಿರುಗಿ ಕೇಳಿದರು, “ಏನು? ಬಾರೋ ಅಂತಾಳಂತಾ? ನನ್ನಾ?”

“ಹೂವ ಮುಡಿಸಿ ಕುರ್ಚಿ ಹಾಕಣ ಅವಳ್ಗೆ,” ಎಂದರೊಬ್ಬರು.

“ಮುಂಡೇದು, ನಾಳೆ ಹೆಸ್ರಿಡಿದು ಕೂಗ್ತಾಳೆ ಬಿಡಣ್ಣ ನಿನ್ನ,” ಎಂದರು ಇನ್ನೊಬ್ಬರು.

ಅಂದು ಜಗಲಿಯಲ್ಲಿ ಕೂತಿದ್ದ ನಿಮ್ಮಲ್ಲಿ ಕೆಲವರು ಇನ್ನೂ ಬದುಕಿದ್ದೀರಿ, ಇದನ್ನು ಓದುತ್ತೀರಿ. ನಿಮಗೆ ಆ ಸುಳ್ಳು ಎಷ್ಟು ರುಚಿಯಾಯಿತು ಎಂದು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಅಮ್ಮ ಸೇರಿಸಿ ಎಂದು ಅವರು ಕೇಳಿದ್ದನ್ನೂ ನಾನು ಓದಿದ್ದೆ — ಅದು ನಿಮ್ಮಲ್ಲಿ ಒಬ್ಬರ ಕಿವಿಗೂ ಬೀಳಲಿಲ್ಲ. ಬಯ್ಯಲು ಒಂದು ನೆಪ ಬೇಕಿತ್ತು, ಕೊಟ್ಟೆ. ಹೀಗೆ ಹೇಳಿದೆ ಎಂದು ನನ್ನ ತಪ್ಪನ್ನು ನಿಮಗೆ ಹಂಚುತ್ತಿಲ್ಲ. ನಿಮ್ಮದು ನಿಮಗಿರಲಿ. ನನ್ನದು ಪೂರ್ತಿ ನನ್ನದೇ.

ಗಂಗುಲಮ್ಮನನ್ನು ಕರೆಸಿದರು. ಕೈ ಒರೆಸಿಕೊಳ್ಳಲೂ ಬಿಡಲಿಲ್ಲ. ಬೆರಳ ತುದಿ ಬೆಳ್ಳಗೆ ನೆನೆದು ಸುಕ್ಕಾಗಿತ್ತು, ನೀರು ತೊಟ್ಟಿಕ್ಕುತ್ತಿತ್ತು.

“ಏನೇ ಗಂಗುಲಿ, ನಾನು ನಿಂಗೆ ಬಾರೋನಾ?”

“ಇಲ್ಲ ಸ್ವಾಮಿ. ಅಂಗೆ ನಾನ್ ಹೇಳಿಲ್ಲ.”

“ಹೇಳ್ದೇನೇ ಅಚ್ಚಾಯ್ತಾ? ಮಿಷಿನ್ನು ತಾನೇ ಬರ್ಕೊಂತಾ?”

ಎಲ್ಲರೂ ನಕ್ಕರು. ಗಂಗುಲಮ್ಮ ಬಾಗಿಲ ಕಡೆ ತಿರುಗಿದರು. ಸಂದಿಯಲ್ಲಿ ನನ್ನ ಅರ್ಧ ಮುಖ ಕಂಡಿರಬೇಕು. “ಇನ್ನೊಂದ್ಸಲ ಓದಿ, ಚಿಕ್ಕಮ್ಮನೋರೆ,” ಎಂದರು. “ಕಣ್ಣಿಟ್ಟು ಓದಿ.”

ಇಲ್ಲಿ ನೋಡಿ. ಅವರು ನನಗೆ ದಾರಿ ಬಿಟ್ಟುಕೊಟ್ಟಿದ್ದರು. ತಪ್ಪಿ ಓದಿದೆ, ಅಕ್ಷರ ಸರಿಯಾಗಿ ಕಾಣಲಿಲ್ಲ ಎನ್ನಬಹುದಿತ್ತು. ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ನಾಲ್ಕು ಮಾತು ಬರುತ್ತಿದ್ದವು, ಅತ್ತೆ ಮೂತಿ ತಿರುಗಿಸುತ್ತಿದ್ದರು, ಅಷ್ಟೇ. ಆದರೆ ಓದು ಬಲ್ಲ ಸೊಸೆ ತಪ್ಪು ಓದಿದಳು ಎಂದಾಗುತ್ತಿತ್ತು. ನನಗೆ ಅದು ಬೇಡವಾಗಿತ್ತು.

ಮತ್ತೆ ಓದಿದೆ. ಅದೇ ಮಾತು, ಮೊದಲಿಗಿಂತ ಗಟ್ಟಿಯಾಗಿ. ಮೊದಲ ಸಲದ್ದನ್ನು ಹೆದರಿಕೆ ಎಂದರೆ ಯಾರಾದರೂ ಒಪ್ಪಿಯಾರು. ಎರಡನೆಯ ಸಲ ಹೆದರಿಕೆ ಇರಲಿಲ್ಲ. ಎರಡನೆಯ ಸಲ ನಾನು ಅವರ ಕಣ್ಣು ನೋಡಿಕೊಂಡೇ ಓದಿದೆ.

“ನಮ್ ಸೊಸೆ ಸುಳ್ಳು ಓದ್ತಾಳೇನೇ?” ಎಂದರು ಮಾವ. ಕೈ ಚಾಚಿ ಕಾಗದ ಇಸಿದುಕೊಂಡು ಮುದುರಿ, ಷೆಡ್ಡಿನ ಒಲೆಗೆ ಹಾಕಿಸಿದರು. ಅವರ ಕೈಯಿಂದ ಅದನ್ನು ತೆಗೆದು ಓದುವ ಎದೆ ಜಗಲಿಯಲ್ಲಿ ಯಾರಿಗೂ ಇರಲಿಲ್ಲ. ಇನ್ನೂ ಹಂಚದೆ ಗಂಗುಲಮ್ಮನ ಮನೆಯಲ್ಲಿದ್ದ ಉಳಿದ ಕಟ್ಟನ್ನೂ ತರಿಸಿ ಅದೇ ಒಲೆಗೆ ತುರುಕಿದರು. ಆ ಉರಿಯಲ್ಲಿ ನೀರು ಕುದಿಯಿತು, ಗೂಡು ಬೆಂದಿತು. ಮಧ್ಯಾಹ್ನಕ್ಕೆ ಷೆಡ್ಡು ಎಂದಿನ ಹಾಗೆ ನಡೆಯಿತು, ಗಂಗುಲಮ್ಮ ಒಬ್ಬರನ್ನು ಬಿಟ್ಟು.

ಸುತ್ತಲಿನ ಯಾವ ಷೆಡ್ಡೂ ಅವರನ್ನು ಸೇರಿಸಲಿಲ್ಲ. ವಾರದೊಳಗೆ ಅವರ ತಮ್ಮ ಓಡಿ ಬಂದರು. ನಮ್ಮ ದನದ ಕೊಟ್ಟಿಗೆಯ ಗೋಡೆಗೆ ಆಚೆ, ಬೀದಿಯಲ್ಲೇ ಅಕ್ಕ ತಮ್ಮನ ಜಗಳ. ನಾನು ಈಚೆ ಸೆಗಣಿ ಬಾಚುತ್ತಿದ್ದೆ.

“ನೀನು ಹೇಳಿದ್ದೇ ಜೋಡ್ಸಿದ್ದು, ಅಕ್ಕಾ! ಅಮ್ಮನಾಣೆಗೂ!”

“ಚಿಕ್ಕಮ್ಮನೋರು ಎರಡು ಸಲ ಓದುದ್ರು ಕಣೋ. ಎರಡು ಸಲಾನೂ ಅದೇ ಬಂತು. ನನ್ನ ಬಾಯಿಗೆ ನಿನ್ನ ಮಾತು ತುರುಕಿದ್ಯಲ್ಲೋ, ಹಾಳಾದೋನೆ! ಮತ್ತೆ ನನ್ ಮುಖ ನೋಡಬೇಡ!”

ಅಚ್ಚಿನ ಮೊಳೆಗಳನ್ನು ಬಿಚ್ಚಿ ಮತ್ತೆ ಅವುಗಳ ಖಾನೆಗೆ ಹಾಕಿಯಾಗಿತ್ತು, ಕಾಗದವೆಲ್ಲ ಬೂದಿಯಾಗಿತ್ತು. ಅವರ ನಿಜಕ್ಕೆ ಸಾಕ್ಷಿ ಎಂದು ಉಳಿದಿದ್ದವಳು ನಾನೊಬ್ಬಳೇ. ಗೋಡೆ ನನ್ನ ಎದೆಮಟ್ಟಕ್ಕೂ ಇರಲಿಲ್ಲ. ಎದ್ದು ನಿಂತಿದ್ದರೆ ಕಾಣುತ್ತಿದ್ದೆ. ಎದ್ದು ನಿಲ್ಲಲಿಲ್ಲ. ತಮ್ಮ ಅಳುತ್ತಾ ಹೋದದ್ದು ಕೇಳಿಸಿತು.

ಗಂಗುಲಮ್ಮ ಗಂಡ ಮಕ್ಕಳೊಂದಿಗೆ ಮಂಚೇನಹಳ್ಳಿಯ ಕಡೆಗೆ ಹೋದರು. ನಮ್ಮವರು ಅಚ್ಚುಕೂಟಕ್ಕೆ ಹೇಳಿ ವೆಂಕಟರವಣಪ್ಪನವರ ಕೆಲಸವನ್ನೂ ತೆಗೆಸಿದರು. ಅವರು ಹೆಂಡತಿಯ ಊರು ಕೆಂಚಾರ್ಲಹಳ್ಳಿಗೆ ಹೋಗಿ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಕೆಲಸ ಹಿಡಿದರು. ಅಕ್ಕ ತಮ್ಮ ಮತ್ತೆ ಮಾತಾಡಲಿಲ್ಲ. ಅದು ನನಗೆ ಗೊತ್ತಿತ್ತು. ನೆಂಟರಿಷ್ಟರ ಬಾಯಲ್ಲಿ ಬರುತ್ತಲೇ ಇತ್ತು — ಮದುವೆಗೆ ಕರೆಯಲಿಲ್ಲವಂತೆ, ಬಾಣಂತನಕ್ಕೆ ಹೋಗಲಿಲ್ಲವಂತೆ. ಹೋದ ವರ್ಷ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಹೇಳಿದರು, ವೆಂಕಟರವಣಪ್ಪ ಹೋಗಿಬಿಟ್ಟ, ಮಣ್ಣಿಗೆ ಅಕ್ಕ ಬರಲೇ ಇಲ್ಲ ಎಂದು. ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದರು. ನಾನು ತಿಂದೆ. ಇನ್ನೊಂದು ಹಾಕಿಸಿಕೊಂಡೂ ತಿಂದೆ.

ಇಂಥವಳು ನಾನು. ಈಗ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ.

ಅಚ್ಚಿಗೆ ಹೋಗುವ ಮುಂಚೆ ಸುಚಿತ್ರ ಪುಸ್ತಕದ ಮೊದಲ ಹಾಳೆ ತಂದು ನನ್ನ ಮಡಿಲಲ್ಲಿಟ್ಟಳು. ಕಣ್ಣು ಮುಚ್ಕೊಂಡಿರು ಎಂದಳು, ಆಮೇಲೆ ತೆಗಿ ಎಂದಳು. “ಓದಲು ಬಾರದವರಿಗೆ ಓದಿ ಹೇಳಿದ ನನ್ನ ಅಜ್ಜಿ ಅಕ್ಕಯ್ಯಮ್ಮನಿಗೆ” ಎಂದಿತ್ತು. ಮಗು ಚಿಕ್ಕವಳಿದ್ದಾಗ ನಾನು ಡೈರಿಯ ಹತ್ತಿರ ಹೆಂಗಸರಿಗೆ ಪೇಪರು ಓದಿ ಹೇಳುತ್ತಿದ್ದುದನ್ನು ನೆನಪಿಟ್ಟುಕೊಂಡಿದ್ದಾಳೆ. ನನ್ನ ಹೆಸರು! ಪುಸ್ತಕದಲ್ಲಿ! ಒಂದು ಗಳಿಗೆ — ನಿಜ ಹೇಳುತ್ತೇನೆ — ಬಾಯಿ ಮುಚ್ಚಿಕೊಂಡಿರು ಮುದುಕಿ, ಇನ್ನೆಷ್ಟು ದಿನ, ಇದನ್ನೂ ನುಂಗಿಕೊಂಡು ಹೋಗು ಎಂದಿತು ಮನಸ್ಸು. ಅಚ್ಚಾದ ಕಾಗದದಲ್ಲಿ ನನ್ನ ಓದಿನ ಮಾತು ಅದು ಎರಡನೆಯ ಸಲ ಬರುತ್ತಿತ್ತು. ಮೊದಲನೆಯದು ನಿಜ, ಅದನ್ನು ಹಾರಿಸಿದೆ. ಇದು ಸುಳ್ಳು, ಇದನ್ನು ಇಟ್ಟುಕೊಳ್ಳಲಾ?

“ಇದು ತೆಗ್ದಾಕಮ್ಮ” ಎಂದೆ. ಯಾಕೆ ಎಂದಳು. ಹೇಳಿದೆ, ಎಲ್ಲಾ.

ಅವಳ ಮುಖ ಬಿಗಿಯಿತು. “ನಿನ್ ಓದು ಕೇಳ್ಕೊಂಡೇ ನಾನು ಓದು ಕಲ್ತಿದ್ದು ಅಜ್ಜಿ,” ಎಂದಳು. “ಅವರ ಹತ್ರ ಹೋಗಿ ಹೇಳಿದ್ಯಾ?”

“ಇಲ್ಲಮ್ಮ. ನೀನೂ ಜೊತೆಗೆ ಬಂದ್ರೆ —”

“ನಾನ್ ಬರಲ್ಲ. ಒಬ್ಳೇ ಓದಿದ್ಯಲ್ಲ? ಒಬ್ಳೇ ಹೋಗು.”

ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಹಾಳೆ ಹರಿದು ಹಾಕಿದಳು. ನನಗೆ ಎದೆ ಉರಿಯಿತು, ಆದರೂ ಒಳಗೊಳಗೇ ಹೆಮ್ಮೆ — ಈ ಮನೆಯಲ್ಲಿ ನನ್ನನ್ನು ಹೀಗೆ ಬೈಯುವವಳು ಒಬ್ಬಳು ಹುಟ್ಟಿದಳಲ್ಲ! ಅವಳ ಅಪ್ಪ, ಅಂದು ತೊಟ್ಟಿಲಲ್ಲಿದ್ದ ನನ್ನ ಮಗ, ಬೇರೆ ರಾಗ ತೆಗೆದ. “ಮುಗ್ದೋಗಿರೋ ಕತೆ ಅಮ್ಮ. ತಾತನ ಮಾನ ಬೀದಿಗೆ ಹಾಕ್ತೀಯಾ?” ಎಂದ. ತಾತನ ಮಾನ ನನ್ನ ಸುಳ್ಳಿನ ಮೇಲೆ ನಿಂತಿದ್ದರೆ ಬೀಳಲಿ ಬಿಡಪ್ಪ ಎಂದೆ. ಅವನೂ ಮಾತು ಬಿಟ್ಟ.

ಮಂಚೇನಹಳ್ಳಿಗೆ ಒಬ್ಬಳೇ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಮಗಳ ಮನೆಯ ಮುಂದೆ ಗಂಗುಲಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಕೈಯಿಂದ ಗುರುತು ಹಿಡಿದೆ, ಮುಖದಿಂದಲ್ಲ.

“ಯಾರು?” ಎಂದರು.

“ನಾನು ಅಕ್ಕಯ್ಯಮ್ಮ. ಫಿಲೇಚರ್ ಮನೆ ಚಿಕ್ಕ ಸೊಸೆ.”

“ಇನ್ನೂ ಇದ್ದೀಯಾ.”

ಕೂತ್ಕೋ ಎನ್ನಲಿಲ್ಲ. ನಿಂತೇ ಹೇಳಿದೆ. ಅವರು ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

“ನನ್ ತಮ್ಮ ಅಂದಿದ್ದ,” ಎಂದರು ಕಡೆಗೆ. “ಸೊಸೆಯೋರ ಮಾತು ಬೇಡಕ್ಕ, ಅದೊಂದು ಬಿಟ್ಬಿಡು ಅಂದಿದ್ದ. ನಾನೇ ಹಾಕೋ ಅಂದೆ. ನೀನು ಓದ್ದಾಗ ಆ ಮಾತಿರ್ಲಿಲ್ಲ. ಇವ್ನೇ ಹೆದರ್ಕೊಂಡು ಕಿತ್ತು, ಆ ಜಾಗಕ್ಕೆ ಇನ್ನೇನೋ ಮಡಗಿದ ಅಂದ್ಕೊಂಡೆ. ಅಯ್ಯೋ ದೇವುಡಾ. ಕಾಲಿಡ್ಕೊಂಡ ಅವ್ನು. ಒದ್ದೆ. ಈ ಕಾಲಲ್ಲೇ ಒದ್ದೆ.” ಹುಣಸೆ ಬೀಜ ಒಂದನ್ನು ನನ್ನ ಕಾಲ ಹತ್ತಿರ ಎಸೆದರು. “ಮಣ್ಣಿಗೂ ಹೋಗ್ಲಿಲ್ಲ ಕಣೇ ನಾನು.”

ತಪ್ಪಾಯ್ತು ಗಂಗುಲಮ್ಮ ಎಂದೆ.

“ಈಗ ಅಮ್ಮ ಸೇರಿಸ್ತೀಯಾ? ನಂಗ್ ಬೇಡ. ಇಟ್ಕೋ ನಿನ್ ಹತ್ರಾನೇ.”

ನಾನು ಅಳತೊಡಗಿದೆ. ಅವರಿಗೆ ಸಿಟ್ಟು ಏರಿತು. “ಏಯ್, ಅಳಬೇಡ ಇಲ್ಲಿ. ನನ್ ಕಿವೀಲಿ ಊದಿ ಹಗುರಾಗಣ ಅಂತ ಬಂದ್ಯಾ? ಜಗಲೀಲಿ ಓದ್ದೆ, ಜಗಲೀಲೇ ಓದು. ಅವ್ನ ಮಕ್ಕಳ್ನ ಕೂರಿಸ್ಕೊಂಡು ಓದು. ಸೋದರತ್ತೆ ಮಾತು ಬಿಡೋಕೆ ಅಪ್ಪನೇ ಕಾರಣ ಅಂತ ಬೆಳೆದವೆ ಅವು.”

“ನೀವೂ ಬರ್ತೀರಾ?”

“ನಾನ್ಯಾಕೆ ಬರ್ಲಿ? ನಾನ್ ಹೇಳಿದ್ದು ನಂಗೊತ್ತು. ಗೊತ್ತಿಲ್ದೋರಿಗೆ ಓದು.” ಮುಖ ತಿರುಗಿಸಿದರು. ಕ್ಷಮಿಸಿದ್ದೇನೆ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಯೋಚನೆ ಬಂತು. ಆ ಇಂಗ್ಲೆಂಡಿನವರು ರಾಜನನ್ನೂ ನೀನು ಎಂದು ಎಲ್ಲರನ್ನೂ ಸಮ ಮಾಡಲು ಹೊರಟರು. ಗಂಗುಲಮ್ಮ ಯಾರನ್ನೂ ಇಳಿಸಿ ಮಾತಾಡಿರಲಿಲ್ಲ. ಎಲ್ಲರಿಗೂ ಅಮ್ಮ ಸೇರಿಸಿ ಸಮ ಮಾಡಿ ಎಂದಿದ್ದರು. ಅದಕ್ಕಿಂತ ಮೆತ್ತಗೆ ಯಾರು ಕೇಳಿಯಾರು? ಅಷ್ಟು ಮೆತ್ತಗೆ ಕೇಳಿದ್ದು ನನ್ನ ಕಿವಿಗೆ ಬಾರುಕೋಲಿನ ಹಾಗೆ ಬಿತ್ತಲ್ಲ —

ಆಮೇಲೆ ಕೆಂಚಾರ್ಲಹಳ್ಳಿಗೂ ಹೋದೆ. ವೆಂಕಟರವಣಪ್ಪನವರ ದೊಡ್ಡ ಮಗ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡರು. “ನಮ್ಮಪ್ಪ ಇದ್ದಾಗ ಎಲ್ಲಿದ್ರಿ?” ಎಂದರು. “ಬರ್ತೀನಿ. ನಿಮ್ ಮನೇಲಿ ನೀರೂ ಮುಟ್ಟಲ್ಲ. ನಿಂತ್ಕೊಂಡು ಕೇಳಿ ಬರ್ತೀನಿ,” ಎಂದು ಬಾಗಿಲು ಹಾಕಿಕೊಂಡರು.

ಈ ಕಾಗದ ಅದಕ್ಕೇ. ಸುಚಿತ್ರ ಮಾತು ಬಿಟ್ಟಿದ್ದವಳು ಇದನ್ನು ಬರೆಯುವುದು ನೋಡಿ ಪಕ್ಕ ಬಂದು ಕೂತಳು. ಅಚ್ಚು ಹಾಕಿಸಿ ಕೊಟ್ಟಿದ್ದಾಳೆ. ಗೂಡಿನ ಮಾರುಕಟ್ಟೆಯಲ್ಲಿ, ಡೈರಿಯಲ್ಲಿ, ಊರಿನ ಪ್ರತಿ ಮನೆಯಲ್ಲಿ ನಾನೇ ಕೈಯಾರೆ ಕೊಡುತ್ತೇನೆ. ಬರುವ ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ನಿಂತು ಓದುತ್ತೇನೆ. ಮಗ ಬೇಡ ಎಂದಿದ್ದಾನೆ. ಊರಿನ ಹಿರಿಯರು ಇಬ್ಬರು ಬಂದು, ಸತ್ತವರನ್ನು ಎಳೆಯಬೇಡ, ಗಲಾಟೆ ಆಗುತ್ತದೆ ಎಂದು ಹೇಳಿ ಹೋಗಿದ್ದಾರೆ.

ಗಲಾಟೆ ಮಾಡುವವರು ಮಾಡಿ. ನೀವು ಸುಮ್ಮನಾಗುವವರೆಗೆ ಕಾಯುತ್ತೇನೆ. ಆಮೇಲೆ ಬಿಟ್ಟ ಕಡೆಯಿಂದ ಓದುವುದಿಲ್ಲ. ಮೊದಲಿನಿಂದ ಓದುತ್ತೇನೆ.